ಹಸಿವು ಒತ್ತಿದ ಹೆಬ್ಬೆಟ್ಟಿಗೆ ಒಪ್ಪಿಗೆಯೆಂದು ಹೆಸರೆ?

ಕೊಡಗಿನಲ್ಲಿ ಹುಟ್ಟಿ, ಮೈಸೂರು ಸೀಮೆಯ ಗದ್ದೆಗಳಿಗೆ ನೀರುಣಿಸಿ, ತಮಿಳುನಾಡಿಗೆ ಇಳಿಯುವ ಕಾವೇರಿಯ ದಂಡೆಯ ಮೇಲೆ, ಈರೋಡು ಪಟ್ಟಣಕ್ಕೆ ಎದುರಾಗಿ, ಪಳ್ಳಿಪಾಳ್ಯಂ ಎಂಬ ಊರಿದೆ. ನಾಮಕ್ಕಲ್ ಜಿಲ್ಲೆಗೆ ಸೇರಿದ ಈ ಊರಿನಲ್ಲಿ ಸಾವಿರಾರು ಸಂಸಾರಗಳು ವಿದ್ಯುತ್ ಮಗ್ಗವನ್ನೇ ನಂಬಿ ಬದುಕುತ್ತವೆ. 2025ರ ಜುಲೈ ತಿಂಗಳಲ್ಲಿ ಈ ಊರಿನ ಹೆಸರು ಪತ್ರಿಕೆಗಳಲ್ಲಿ ಬಂದಿತು. ಅಲ್ಲಿ ನೇಯುವ ಬಟ್ಟೆಯ ಹೆಚ್ಚಳಕ್ಕಾಗಿ ಬರಲಿಲ್ಲ. ಸಾಲದಲ್ಲಿ ಮುಳುಗಿದ ಮಗ್ಗದ ಕೂಲಿಗಳನ್ನು ದಲ್ಲಾಳಿಗಳು ಹುಡುಕಿ ಹಿಡಿದು, ಲಕ್ಷಗಟ್ಟಲೆ ರೂಪಾಯಿಯ ಆಸೆ ತೋರಿಸಿ, ಆಸ್ಪತ್ರೆಗೆ ಕರೆದೊಯ್ದು, ಅವರ ಮೂತ್ರಪಿಂಡಗಳನ್ನು ಮಾರಿಸುತ್ತಿದ್ದಾರೆಂಬ ಆರೋಪಕ್ಕಾಗಿ ಬಂದಿತು. ಸರ್ಕಾರ ವಿಚಾರಣೆ ನಡೆಸಿತು. ಆಗಸ್ಟ್ ತಿಂಗಳಲ್ಲಿ ಮದರಾಸು ಹೈಕೋರ್ಟು ವಿಶೇಷ ತನಿಖಾ ತಂಡವೊಂದನ್ನು ನೇಮಿಸಿತು.

ಗಿರಣಿಯ ಸದ್ದು ಕೇಳಿ ಎದ್ದು, ಗಿರಣಿಯ ಸದ್ದಿನಲ್ಲೇ ಹಗಲು ಕಳೆಯುವ ನಮ್ಮ ಓದುಗರಿಗೆ ಈ ಸುದ್ದಿ ದೂರದ ಸುದ್ದಿಯಲ್ಲ. ವಾರದ ಕಂತು, ಸಂಘದ ಸಾಲ, ಮೀಟರ್ ಬಡ್ಡಿ, ಮನೆಯ ಬಾಗಿಲಲ್ಲಿ ಬಂದು ಕೂರುವ ವಸೂಲಿಗಾರ, ಇವೆಲ್ಲ ನಮ್ಮ ಬೀದಿಗಳಿಗೂ ಪರಿಚಿತವೇ. ಇಂಥ ವಸೂಲಿಗಾರರ ಕಾಟ ತಡೆಯಲಾರದೆ ಜನ ಊರು ಬಿಟ್ಟು ಹೋಗುವಂತಾದ ಮೇಲೆ, 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವೇ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಸಾಲವೇ ಶೂಲ ಎಂದರು ಹಿರಿಯರು. ಆ ಶೂಲ ಇಂದು ಮನುಷ್ಯನ ಪಕ್ಕೆಯನ್ನೇ ಸೀಳಿ ಒಳಗೆ ಕೈ ಹಾಕಿದೆ.

ಆಧುನಿಕ ವೈದ್ಯವಿಜ್ಞಾನವು ಒಡ್ಡಿರುವ ಧರ್ಮಸಂಕಟಗಳ ಬಗ್ಗೆ ದೊಡ್ಡ ಊರುಗಳ ದೊಡ್ಡ ಸಭಾಂಗಣಗಳಲ್ಲಿ ಪಂಡಿತರು ಚರ್ಚಿಸುತ್ತಾರೆ. ಈ ಚರ್ಚೆಯನ್ನು ಡಾಕ್ಟರರಿಗೂ ವಕೀಲರಿಗೂ ಬಿಟ್ಟುಬಿಟ್ಟರೆ ಸಾಲದು ಎಂಬುದು ನಮ್ಮ ವಾದ. ಏಕೆಂದರೆ ಕತ್ತಿ ಡಾಕ್ಟರರ ಕೈಯಲ್ಲಿದ್ದರೂ ಮೇಜಿನ ಮೇಲೆ ಮಲಗುವವನು ನಮ್ಮವನು.

ವಿದ್ಯೆಯ ಮೇಲೆ ನಮಗೆ ದ್ವೇಷವಿಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇವೆ. 1954ರ ಡಿಸೆಂಬರ್ 23ರಂದು ಅಮೆರಿಕದ ಬಾಸ್ಟನ್ ನಗರದ ಆಸ್ಪತ್ರೆಯೊಂದರಲ್ಲಿ ಜೋಸೆಫ್ ಮರ್ರೆ ಎಂಬ ಶಸ್ತ್ರವೈದ್ಯರು ರೊನಾಲ್ಡ್ ಹೆರಿಕ್ ಎಂಬ ಯುವಕನ ಒಂದು ಮೂತ್ರಪಿಂಡವನ್ನು ತೆಗೆದು, ಸಾಯುವ ಸ್ಥಿತಿಯಲ್ಲಿದ್ದ ಅವನ ಅವಳಿ ಸೋದರ ರಿಚರ್ಡನಿಗೆ ಜೋಡಿಸಿದರು. ಅಂಗಾಂಗ ಕಸಿಯಲ್ಲಿ ಲೋಕಕ್ಕೆ ದೊರೆತ ಮೊದಲ ನಿಜವಾದ ಜಯ ಅದು. ರಿಚರ್ಡ್ ಇನ್ನೂ ಎಂಟು ವರ್ಷಕ್ಕೂ ಮಿಕ್ಕಿ ಬದುಕಿದ, ಮದುವೆಯಾದ, ಮಕ್ಕಳನ್ನು ಕಂಡ. ಕೊಟ್ಟವನು 2010ರವರೆಗೆ ಬಾಳಿದ. ಮರ್ರೆಯವರಿಗೆ 1990ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ಆದರೆ ಆ ಶಸ್ತ್ರಕ್ರಿಯೆಗೆ ಮೊದಲು ಆ ವೈದ್ಯರು ಪಟ್ಟ ಸಂಕೋಚವನ್ನು ಇಂದಿನವರು ನೆನೆಯಬೇಕು. ರೋಗಿಗೆ ಕೇಡು ಮಾಡಬಾರದೆಂಬುದು ವೈದ್ಯಧರ್ಮದ ಮೊದಲ ಮಾತು. ಇಲ್ಲಿಯಾದರೋ ಯಾವ ಕಾಯಿಲೆಯೂ ಇಲ್ಲದ, ಗಟ್ಟಿಮುಟ್ಟಾದ ಮನುಷ್ಯನೊಬ್ಬನನ್ನು ಮಲಗಿಸಿ, ಅವನ ಮೈಗೆ ಯಾವ ಲಾಭವೂ ಇಲ್ಲದೆ ಕೊಯ್ಯಬೇಕು. ಇದು ಸರಿಯೇ? ಆ ವೈದ್ಯರು ಬೇರೆ ವೈದ್ಯರನ್ನು ಕೇಳಿದರು, ಧರ್ಮಗುರುಗಳನ್ನು ಕೇಳಿದರು, ಕಾನೂನು ಬಲ್ಲವರನ್ನು ಕೇಳಿದರು. ಇಬ್ಬರೂ ಒಂದೇ ಅಚ್ಚಿನ ಅವಳಿಗಳೇ ಎಂದು ಖಾತ್ರಿ ಮಾಡಿಕೊಳ್ಳಲು ಪೊಲೀಸ್ ಠಾಣೆಯಲ್ಲಿ ಬೆರಳಚ್ಚನ್ನೂ ತೆಗೆಸಿದರು. ಕೊನೆಗೆ ಅವರ ಸಂಕೋಚವನ್ನು ನಿವಾರಿಸಿದ್ದು ಒಂದೇ ಸಂಗತಿ: ಕೊಡುವವನು ಅಣ್ಣತಮ್ಮನ ಪ್ರೀತಿಯಿಂದ ಕೊಡುತ್ತಿದ್ದ. ಅವನ ಹೊಟ್ಟೆ ತುಂಬಿತ್ತು. ಅವನ ಬಾಗಿಲಲ್ಲಿ ಸಾಲಗಾರ ಕುಳಿತಿರಲಿಲ್ಲ. ಬೇಡವೆನ್ನುವ ಸ್ವಾತಂತ್ರ್ಯ ಅವನಿಗಿತ್ತು.

ಆ ದಿನಗಳಲ್ಲಿ ಅನ್ಯರ ಅಂಗವನ್ನು ಮೈ ಒಪ್ಪುತ್ತಿರಲಿಲ್ಲ. ಪರಕೀಯ ವಸ್ತುವೆಂದು ತಿಳಿದು ಅದನ್ನು ತಿರಸ್ಕರಿಸಿ ಕೊಲ್ಲುತ್ತಿತ್ತು. ಆದುದರಿಂದ ರಕ್ತಸಂಬಂಧಿಗಳಾಚೆ ಈ ಚಿಕಿತ್ಸೆಗೆ ಜಯ ಕಡಮೆಯಿತ್ತು. ನಮ್ಮ ದೇಶದಲ್ಲಿ 1971ರಲ್ಲಿ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ ಯಶಸ್ವಿಯಾಗಿ ಕಸಿ ನಡೆದಾಗಲೂ ಪರಿಸ್ಥಿತಿ ಹೀಗೆಯೇ ಇತ್ತು. ಆಮೇಲೆ ನಾರ್ವೆ ದೇಶದ ಮಣ್ಣಿನಲ್ಲಿ ಸಿಕ್ಕ ಒಂದು ಬೂಷ್ಟಿನಿಂದ ಸೈಕ್ಲೋಸ್ಪೊರಿನ್ ಎಂಬ ಔಷಧಿ ತಯಾರಾಯಿತು. 1983ರಲ್ಲಿ ಅಮೆರಿಕ ಅದಕ್ಕೆ ಅನುಮತಿ ಕೊಟ್ಟಿತು. ಈ ಔಷಧಿ ನುಂಗಿದರೆ ಗುರುತು ಪರಿಚಯವಿಲ್ಲದವನ ಮೂತ್ರಪಿಂಡವೂ ಮೈಗೆ ಒಗ್ಗತೊಡಗಿತು. ವಿಜ್ಞಾನದ ದೃಷ್ಟಿಯಿಂದ ಇದು ಮಹಾ ಸಾಧನೆ. ಆದರೆ ಅದೇ ಗಳಿಗೆಯಲ್ಲಿ ಇನ್ನೊಂದು ಬಾಗಿಲೂ ತೆರೆಯಿತು. ಅಲ್ಲಿಯವರೆಗೆ ಶ್ರೀಮಂತ ರೋಗಿಗೆ ತಮ್ಮ ಬೇಕಾಗಿತ್ತು. ಇನ್ನು ಮೇಲೆ ಬಡವನೊಬ್ಬ ಇದ್ದರೆ ಸಾಕು. ಬಡವರಿಗೆ ಈ ದೇಶದಲ್ಲಿ ಬರಗಾಲವಿದೆಯೆ?

ಹತ್ತು ವರ್ಷ ತುಂಬುವುದರೊಳಗೆ ಭಾರತ ಮೂತ್ರಪಿಂಡದ ಸಂತೆಯೆಂದು ಜಗತ್ತಿನಲ್ಲಿ ಹೆಸರಾಯಿತು. ಪರದೇಶದ ಧನಿಕರು ವಿಮಾನ ಹತ್ತಿ ಬಂದರು. ಮದರಾಸಿನ ವಿಲ್ಲಿವಾಕ್ಕಂ ಎಂಬ ಬಡಾವಣೆಗೆ ಜನ ಕಿಡ್ನಿವಾಕ್ಕಂ ಎಂದೇ ಅಡ್ಡಹೆಸರಿಟ್ಟರು. ಆ ಅಪಕೀರ್ತಿಯ ನಂತರ ಪಾರ್ಲಿಮೆಂಟು 1994ರಲ್ಲಿ ಮಾನವ ಅಂಗಾಂಗ ಕಸಿ ಕಾಯಿದೆಯನ್ನು ಮಾಡಿತು. ಅಂಗದ ಕ್ರಯವಿಕ್ರಯ ಅಪರಾಧವಾಯಿತು. 2011ರ ತಿದ್ದುಪಡಿಯಿಂದ ಶಿಕ್ಷೆ ಐದರಿಂದ ಹತ್ತು ವರ್ಷದ ಸೆರೆವಾಸಕ್ಕೂ, ಇಪ್ಪತ್ತು ಲಕ್ಷದಿಂದ ಒಂದು ಕೋಟಿ ರೂಪಾಯಿ ದಂಡಕ್ಕೂ ಏರಿತು.

ಇಷ್ಟೆಲ್ಲ ಆದಮೇಲೂ ಪಳ್ಳಿಪಾಳ್ಯಂ ಏಕೆ? ಕಾಯಿದೆಯಲ್ಲಿ ಒಂದು ಕಿರುಬಾಗಿಲಿದೆ. ಹತ್ತಿರದ ಸಂಬಂಧಿಯಲ್ಲದವನೂ ಪ್ರೀತಿ ಅಥವಾ ಮಮತೆಯಿಂದ, ಇಲ್ಲವೆ ಬೇರಾವುದಾದರೂ ವಿಶೇಷ ಕಾರಣದಿಂದ ಅಂಗ ಕೊಡಬಹುದು, ಅಧಿಕಾರ ಪಡೆದ ಸಮಿತಿ ಒಪ್ಪಿದರೆ ಸಾಕು. ನಿಜವಾದ ಗೆಳೆತನಕ್ಕಾಗಿ ಇಟ್ಟ ಬಾಗಿಲು ಇದು. ದಲ್ಲಾಳಿ ಇದರಲ್ಲಿ ತೂರುತ್ತಾನೆ. ಕಾಯಿದೆ ಚಾಪೆಯ ಕೆಳಗೆ ತೂರಿದರೆ ಅವನು ರಂಗೋಲಿಯ ಕೆಳಗೆ ತೂರಬಲ್ಲ. ಹುಸಿ ಗಂಡ, ಹುಸಿ ಹೆಂಡತಿ, ಹುಸಿ ಗೆಳೆಯ, ಹುಸಿ ವಿಳಾಸ, ಹುಸಿ ಕಾಗದ. ಮುಖವನ್ನೇ ಕಾಣದ ಧನಿಕನ ಮೇಲೆ ಮಗ್ಗದ ಕೂಲಿಗೆ ಅಪಾರ ಮಮತೆಯಿದೆಯೆಂದು ಬರೆದ ಕಾಗದಕ್ಕೆ ರುಜು ಬೀಳುತ್ತದೆ. ಹೀಗೆ ಧನಿಕನ ಮೇಲೆ ಬಡವನಿಗೆ ಮಮತೆ ಉಕ್ಕಿದ ಕಾಗದಗಳು ಮಾತ್ರ ಬರುತ್ತವಲ್ಲ, ಬಡವನ ಮೇಲೆ ಧನಿಕನಿಗೆ ಮಮತೆ ಉಕ್ಕಿ ತನ್ನ ಮೂತ್ರಪಿಂಡ ಕೊಡಹೋದ ಕಾಗದ ಬಂದುದುಂಟೆ? ಈ ಒಂದು ಪ್ರಶ್ನೆಯನ್ನು ಪ್ರತಿ ಸಮಿತಿಯೂ ತನ್ನ ಗೋಡೆಯ ಮೇಲೆ ಬರೆಸಿಕೊಳ್ಳಲಿ.

ಈಗ ಎದುರುವಾದವನ್ನು ಕೇಳೋಣ. ಅದು ಮೂರ್ಖರ ವಾದವಲ್ಲ, ಕೆಲವು ವಿದ್ವಾಂಸರೂ ವೈದ್ಯರೂ ಅದನ್ನು ಮಂಡಿಸುತ್ತಾರೆ. ನಿಷೇಧದಿಂದ ವ್ಯಾಪಾರ ನಿಲ್ಲಲಿಲ್ಲ, ಕತ್ತಲಿಗೆ ಹೋಯಿತು ಅಷ್ಟೆ. ಬೆಳಕಿಗೆ ತಂದು, ಸರ್ಕಾರವೇ ದರ ಗೊತ್ತುಮಾಡಿ, ದಲ್ಲಾಳಿಯನ್ನು ಓಡಿಸಿ, ಮಾರುವವನಿಗೆ ಪೂರ್ಣ ಹಣ ಸಿಗುವಂತೆ ಮಾಡಿದರೆ ಇಬ್ಬರಿಗೂ ಒಳ್ಳೆಯದಲ್ಲವೆ? ಇರಾನ್ ದೇಶ 1988ರಿಂದ ಹೀಗೆ ಮಾಡಿದೆ; 1999ರ ಹೊತ್ತಿಗೆ ತಮ್ಮಲ್ಲಿ ಮೂತ್ರಪಿಂಡಕ್ಕಾಗಿ ಕಾಯುವವರ ಪಟ್ಟಿಯೇ ಇಲ್ಲವಾಯಿತೆಂದು ಅಲ್ಲಿನ ವೈದ್ಯರು ಹೇಳಿಕೊಂಡರು. ಅವನ ಮೈ ಅವನದು, ಮಾರಿಕೊಂಡರೆ ನಿಮಗೇನು?

ಇನ್ನೂ ಒಂದು ಮಾತು ಹೇಳುತ್ತಾರೆ, ಅದು ನಮ್ಮಂಥ ಸಮಾಜವಾದಿಗಳನ್ನೇ ಚುಚ್ಚುವಂಥದು. ಗಿರಣಿ ಕೂಲಿಗಾರ ದಿನದಿನವೂ ತನ್ನ ಮೈಯನ್ನು ಮಾರುತ್ತಲೇ ಇದ್ದಾನೆ. ಹತ್ತಿಯ ಧೂಳು ಅವನ ಶ್ವಾಸಕೋಶವನ್ನು ತಿನ್ನುತ್ತದೆ, ಮಗ್ಗದ ಸದ್ದು ಕಿವಿಯನ್ನು ತಿನ್ನುತ್ತದೆ. ಶ್ವಾಸಕೋಶವನ್ನು ಮೂವತ್ತು ವರ್ಷ ಚಿಲ್ಲರೆಯಾಗಿ ಮಾರಿದರೆ ಕೂಲಿ, ಮೂತ್ರಪಿಂಡವನ್ನು ಒಂದೇ ದಿನ ಸಗಟಾಗಿ ಮಾರಿದರೆ ಅಪರಾಧವೆ?

ಈ ಪ್ರಶ್ನೆಯಿಂದ ನಾವು ಮುಖ ತಿರುಗಿಸಬಾರದು. ಇದರೊಳಗಿನ ಸಂಗತಿ ನಿಜ. ಅದರಿಂದ ತೆಗೆದ ತೀರ್ಮಾನ ಮಾತ್ರ ತಪ್ಪು. ಗಿರಣಿಯಲ್ಲಿ ಮೈ ಸವೆಯುವುದನ್ನು ಕಂಡು ಕಾರ್ಮಿಕ ಚಳವಳಿ ಏನು ಮಾಡಿತು? ಹೇಗೂ ಸವೆಯುತ್ತಿದೆ, ಸವೆಯಲಿ ಎಂದು ಸುಮ್ಮನಿತ್ತೆ? ದಿನಕ್ಕೆ ಹದಿನಾಲ್ಕು ಗಂಟೆ ದುಡಿಯಲು ಕೂಲಿಗಾರ ಒಪ್ಪಿದ್ದಾನೆ, ಒಪ್ಪಂದದ ಸ್ವಾತಂತ್ರ್ಯಕ್ಕೆ ಅಡ್ಡ ಬರಬೇಡಿ ಎಂದು ಅಂದಿನ ಮಾಲೀಕರೂ ವಾದಿಸಿದರು. ಹಸಿವಿನಿಂದ ಬಂದ ಒಪ್ಪಿಗೆ ಒಪ್ಪಿಗೆಯಲ್ಲವೆಂದು ಕಾರ್ಮಿಕರು ಹೋರಾಡಿ ಆ ವಾದವನ್ನು ಮುರಿದರು. ಸ್ವತಂತ್ರ ಭಾರತದ 1948ರ ಕಾರ್ಖಾನೆ ಕಾಯಿದೆ ವಾರಕ್ಕೆ 48 ಗಂಟೆಯ ಮಿತಿ ಹಾಕಿತು. ಅದೇ ವರ್ಷದ ಕನಿಷ್ಠ ಕೂಲಿ ಕಾಯಿದೆಯ ಪ್ರಕಾರ, ಕೂಲಿಗಾರ ತಾನೇ ಒಪ್ಪಿ ರುಜು ಹಾಕಿಕೊಟ್ಟರೂ ಗೊತ್ತುಪಡಿಸಿದ ದರಕ್ಕಿಂತ ಕಡಮೆ ಕೊಡುವಂತಿರಲಿಲ್ಲ. 1982ರಲ್ಲಿ, ದಿಲ್ಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡಗಳ ಕೂಲಿಗಳ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟು ಇನ್ನೂ ಸ್ಪಷ್ಟವಾಗಿ ನುಡಿಯಿತು: ಹಸಿವು ಮತ್ತು ಬಡತನದ ಒತ್ತಡವೂ ಬಲಾತ್ಕಾರವೇ, ಕನಿಷ್ಠ ಕೂಲಿಗಿಂತ ಕಡಮೆಗೆ ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ, ಎಂಬುದು ಆ ತೀರ್ಪಿನ ತಿರುಳು.

ಒಂದು ದಿನದ ಕೂಲಿಯ ವಿಷಯದಲ್ಲಿಯೇ ಹಸಿವಿನ ಒಪ್ಪಿಗೆಯನ್ನು ನ್ಯಾಯ ಒಪ್ಪುವುದಿಲ್ಲವೆಂದ ಮೇಲೆ, ಮತ್ತೆಂದೂ ಬೆಳೆಯದ ಅಂಗದ ವಿಷಯದಲ್ಲಿ ಒಪ್ಪುವುದುಂಟೆ?

ನಮ್ಮ ಅಂಗಡಿಕಾರ ಬಂಧುಗಳಿಗೆ ಈ ಮಾತು ಇನ್ನೂ ಬೇಗ ಅರ್ಥವಾದೀತು. ವ್ಯಾಪಾರವೆಂದರೇನು? ದರ ಹೊಂದದಿದ್ದರೆ ಕೊಳ್ಳುವವನು ಎದ್ದು ಹೋಗಬಹುದು. ಮಾರುವವನು ಸರಕನ್ನು ನಾಳೆಯ ಸಂತೆಗೆ ಇಟ್ಟುಕೊಳ್ಳಬಹುದು. ಮಾರಿದ ಸರಕಿನ ಬದಲು ಮತ್ತೆ ಸರಕು ತುಂಬಬಹುದು. ಈ ಮೂರರಲ್ಲಿ ಒಂದೂ ಇಲ್ಲದುದನ್ನು ವ್ಯಾಪಾರವೆಂದು ಕರೆದರೆ ತಕ್ಕಡಿಗೇ ಅವಮಾನ.

ಇರಲಿ, ತತ್ವದ ಮಾತು ಬಿಟ್ಟು ಲೆಕ್ಕವನ್ನೇ ನೋಡೋಣ. ಮಾರಿದವನಿಗೆ ಲಾಭವಾಗುತ್ತದೆ ಎನ್ನುತ್ತಾರಲ್ಲ, ಆಗಿದೆಯೆ? ಮದರಾಸಿನಲ್ಲಿ ಮೂತ್ರಪಿಂಡ ಮಾರಿದ 305 ಜನರನ್ನು ಹುಡುಕಿ ಮಾತನಾಡಿಸಿ ಮಾಡಿದ ಸಮೀಕ್ಷೆಯೊಂದು 2002ರಲ್ಲಿ ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರು ಮಾರಿ ಸರಾಸರಿ ಆರು ವರ್ಷ ಕಳೆದಿತ್ತು. ನೂರಕ್ಕೆ 96 ಮಂದಿ ಮಾರಿದ್ದು ಸಾಲ ತೀರಿಸಲೆಂದು. ಕೊಡುತ್ತೇವೆಂದ ಹಣ ಸರಾಸರಿ 1,410 ಡಾಲರು, ಕೈಗೆ ಬಂದುದು 1,070 ಡಾಲರು. ಮಾರಿದ ಮೇಲೆ ಅವರ ಸಂಸಾರದ ಆದಾಯ ಏರಲಿಲ್ಲ, ಮೂರನೆಯ ಒಂದು ಪಾಲು ಇಳಿಯಿತು. ನಾಲ್ವರಲ್ಲಿ ಮೂವರು ಇನ್ನೂ ಸಾಲದಲ್ಲಿಯೇ ಇದ್ದರು. ನೂರಕ್ಕೆ 86 ಮಂದಿ ತಮ್ಮ ಆರೋಗ್ಯ ಕೆಟ್ಟಿತೆಂದರು. ನೂರಕ್ಕೆ 79 ಮಂದಿ, ಬೇರೆ ಯಾರೂ ಹೀಗೆ ಮಾಡಬೇಡಿರೆಂದರು.

ಇದರ ಅರ್ಥ ಸರಳ. ಕೂಲಿಯವನ ಏಕಮಾತ್ರ ಬಂಡವಾಳ ಅವನ ಮೈ. ಭಾರ ಎತ್ತುವ, ಹನ್ನೆರಡು ಗಂಟೆ ನಿಂತು ದುಡಿಯುವ ಆ ಮೈಯನ್ನು ಕೊಯ್ಸಿಕೊಂಡವನು ಮೊದಲಿನ ಹಾಗೆ ದುಡಿಯಲಾರ. ಕೂಲಿ ಕಡಮೆಯಾಯಿತು, ಸಾಲ ಮತ್ತೆ ಚಿಗುರಿತು. ಸಾಲ ತೀರಿಸಲು ಮಾರಿದ; ಮಾರಿದ್ದರಿಂದಲೇ ಸಾಲಗಾರನಾದ. ಇನ್ನೊಂದು ಮೂತ್ರಪಿಂಡವನ್ನು ಮಾರುವಂತಿಲ್ಲ. ಆಗ ಹೆಂಡತಿಯ ಕಡೆ ನೋಡುತ್ತಾರೆ. ಮದರಾಸಿನ ಆ 305 ಜನರಲ್ಲಿ ಹೆಚ್ಚಿನವರು ಹೆಂಗಸರೆಂಬುದನ್ನು ಮರೆಯಬೇಡಿ. ಸರ್ಕಾರ ದರ ಗೊತ್ತುಮಾಡಿದರೂ ಈ ಲೆಕ್ಕ ಬದಲಾಗದು. ಇರಾನಿನಲ್ಲಿಯೂ ಮಾರುವವರು ಬಹುಮಟ್ಟಿಗೆ ಬಡವರೇ. ಅಂಗ ಅಡವಿಡಬಹುದಾದ ಆಸ್ತಿಯೆಂದು ಒಮ್ಮೆ ಕಾಯಿದೆಯೇ ಹೇಳಿಬಿಟ್ಟರೆ, ವಸೂಲಿಗಾರ ಬಾಗಿಲಲ್ಲಿ ನಿಂತು ಕೇಳುವ ಪ್ರಶ್ನೆಯೇ ಬೇರೆಯಾಗುತ್ತದೆ. ಮನೆಯಲ್ಲಿ ಎಷ್ಟು ಮಂದಿಯಿದ್ದೀರಿ ಎಂದು ಕೇಳುತ್ತಾನೆ.

ಹಾಗಾದರೆ ರೋಗಿ ಸಾಯಲೆ? ಈ ಪ್ರಶ್ನೆಯನ್ನು ನಾವು ತಪ್ಪಿಸಿಕೊಳ್ಳುವುದಿಲ್ಲ. ಮೂತ್ರಪಿಂಡ ಕೆಟ್ಟವರೆಲ್ಲ ಧನಿಕರಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇವು ಅಂಗಡಿಯವನನ್ನೂ ಮಗ್ಗದವನನ್ನೂ ಬಿಡವು. ವಾರಕ್ಕೆ ಎರಡು ಮೂರು ಸಲ ಆಸ್ಪತ್ರೆಗೆ ಹೋಗಿ, ಪ್ರತಿ ಸಲವೂ ನಾಲ್ಕು ಗಂಟೆ ಡಯಾಲಿಸಿಸ್ ಯಂತ್ರಕ್ಕೆ ಮೈ ಕಟ್ಟಿಸಿಕೊಂಡು, ರಕ್ತ ತೊಳೆಸಿಕೊಂಡು ಬರುವವನ ಸಂಕಟ ಅನುಭವಿಸಿದವನಿಗೇ ಗೊತ್ತು. ಅಂಥವನು ಬದುಕುವ ಆಸೆಯಿಂದ ದಲ್ಲಾಳಿಯ ಮಾತು ಕೇಳಿದರೆ ಅವನನ್ನು ರಾಕ್ಷಸನೆನ್ನಲು ನಮಗೆ ಬಾಯಿ ಬರುವುದಿಲ್ಲ. ಕಾಯಿಲೆಯ ಬಡವನನ್ನೂ ಸಾಲದ ಬಡವನನ್ನೂ ಎದುರುಬದುರು ನಿಲ್ಲಿಸಿ, ಇವರಲ್ಲಿ ಯಾರು ಬದುಕಬೇಕು ಹೇಳಿ ಎಂದು ಕೇಳುವ ವ್ಯವಸ್ಥೆಯೇ ಅಪರಾಧಿ.

ಮೂರನೆಯ ದಾರಿಯೊಂದು ಇದೆ. ಸತ್ತವರು ಕೊಡಬಹುದು. ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದು ಮೆದುಳು ಸತ್ತ ಮನುಷ್ಯನ ಎರಡು ಮೂತ್ರಪಿಂಡಗಳು ಇಬ್ಬರನ್ನು ಉಳಿಸಬಲ್ಲವು. ಸ್ಪೇನ್ ದೇಶ 1989ರಲ್ಲಿ ಇದಕ್ಕಾಗಿ ರಾಷ್ಟ್ರೀಯ ಸಂಸ್ಥೆಯೊಂದನ್ನು ಕಟ್ಟಿ, ಆಸ್ಪತ್ರೆ ಆಸ್ಪತ್ರೆಗೂ ಇದೇ ಕೆಲಸಕ್ಕೆ ವೈದ್ಯರನ್ನು ನೇಮಿಸಿತು. ಅಲ್ಲಿ ಇಂದು ಹತ್ತು ಲಕ್ಷ ಜನಸಂಖ್ಯೆಗೆ ವರ್ಷಕ್ಕೆ ನಲವತ್ತೈದಕ್ಕೂ ಹೆಚ್ಚು ಮಂದಿ ಸತ್ತ ಮೇಲೆ ಅಂಗ ಕೊಡುತ್ತಾರೆ. ನಮ್ಮ ದೇಶದಲ್ಲಿ ಹತ್ತು ಲಕ್ಷಕ್ಕೆ ಒಬ್ಬನೂ ಇಲ್ಲ. 2023ರಲ್ಲಿ ದೇಶದಲ್ಲಿ ಹದಿನೆಂಟು ಸಾವಿರಕ್ಕೂ ಹೆಚ್ಚು ಕಸಿಗಳು ನಡೆದವು. ಸತ್ತ ಮೇಲೆ ಅಂಗ ಕೊಟ್ಟವರು ಸುಮಾರು ಸಾವಿರದ ನೂರು ಮಂದಿ. ಮಿಕ್ಕ ಭಾರವನ್ನೆಲ್ಲ ಹೊತ್ತವರು ಬದುಕಿರುವವರು. ಅವರಲ್ಲಿಯೂ ಐವರಲ್ಲಿ ನಾಲ್ವರು ಹೆಂಗಸರು, ಅಂಗ ಪಡೆಯುವವರಲ್ಲಿ ಐವರಲ್ಲಿ ನಾಲ್ವರು ಗಂಡಸರು ಎಂಬುದು ಹಲವು ವರ್ಷಗಳ ಲೆಕ್ಕದಿಂದ ಹೊರಪಟ್ಟ ಸಂಗತಿ. ಹೊರಗೆ ಸಾಲ ಮಾಡುವ ಬಲವಂತವನ್ನು ಮನೆಯೊಳಗೆ ತಾಳಿ ಮಾಡುತ್ತದೆ. ಮನೆಯ ದುಡಿಯುವವನು ಉಳಿಯಬೇಕೆಂದು ಎಲ್ಲರೂ ನೋಡುವ ನೋಟದ ಮುಂದೆ ಬೇಡವೆನ್ನುವ ಧೈರ್ಯ ಎಷ್ಟು ಸೊಸೆಯರಿಗಿದೆ? ಇದೂ ನಮ್ಮ ಆತ್ಮಪರೀಕ್ಷೆಯ ವಿಷಯ.

ಸತ್ತವರಿಂದ ಪಡೆಯುವ ಮಾತು ಬಂದಾಗ ನಮ್ಮ ಜನಕ್ಕೆ ಭಯವಿದೆ. ಬಡವ ಆಸ್ಪತ್ರೆ ಸೇರಿದರೆ ಉಸಿರಿರುವಾಗಲೇ ಸತ್ತನೆಂದು ಹೇಳಿ ಅಂಗ ಕಿತ್ತು ಶ್ರೀಮಂತನಿಗೆ ಹಾಕಿಬಿಡುತ್ತಾರೆ ಎನ್ನುತ್ತಾರೆ. ಇಷ್ಟು ಮೋಸ ಕಂಡ ಜನರ ಭಯವನ್ನು ಅಜ್ಞಾನವೆಂದು ನಗುವುದು ತರವಲ್ಲ. ಆದರೆ ಕಾಯಿದೆ ಏನು ಹೇಳುತ್ತದೆಂದು ತಿಳಿದಿರಬೇಕು. ಮೆದುಳು ಸತ್ತಿದೆಯೆಂದು ನಾಲ್ವರು ವೈದ್ಯರ ಮಂಡಳಿ ಬರೆದುಕೊಡಬೇಕು. ಕಸಿ ಮಾಡುವ ವೈದ್ಯರು ಅದರಲ್ಲಿ ಇರಕೂಡದು. ಪರೀಕ್ಷೆಯನ್ನು ಕನಿಷ್ಠ ಆರು ಗಂಟೆಯ ಅಂತರದಲ್ಲಿ ಎರಡು ಸಲ ಮಾಡಬೇಕು. ಮನೆಯವರ ಒಪ್ಪಿಗೆ ಬೇಕು. ಕರ್ನಾಟಕದಲ್ಲಿ ಜೀವಸಾರ್ಥಕತೆ ಎಂಬ ಸರ್ಕಾರಿ ಸಂಸ್ಥೆ ಕಾಯುವವರ ಪಟ್ಟಿಯನ್ನಿಟ್ಟು ಅಂಗಗಳನ್ನು ಹಂಚುತ್ತದೆ. ಆದರೂ ಕಸಿ ಮಾಡುವ ಆಸ್ಪತ್ರೆಗಳಲ್ಲಿ ಹೆಚ್ಚಿನವು ಖಾಸಗಿಯವು. ಬಡವ ಕೊಡುವಾಗ ಮನುಷ್ಯ, ಪಡೆಯುವಾಗ ಗಿರಾಕಿ ಎಂಬ ಸ್ಥಿತಿ ಇರುವ ತನಕ ಜನರ ಸಂಶಯ ಹೋಗದು.

ಆದುದರಿಂದ ನಮ್ಮ ಬೇಡಿಕೆಗಳು ಇವು.

ಒಂದು: ಈಗಿನ ಕಾಯಿದೆ ಹಣ ಕೊಟ್ಟವನನ್ನೂ ಪಡೆದವನನ್ನೂ ಒಂದೇ ಹಗ್ಗದಲ್ಲಿ ಕಟ್ಟುತ್ತದೆ. ಮಾರಿಕೊಂಡವನು ಮೋಸ ಹೋದರೂ ದೂರು ಕೊಡಲಾರ, ಕೊಟ್ಟರೆ ತಾನೇ ಅಪರಾಧಿ. ದಲ್ಲಾಳಿಯ ದೊಡ್ಡ ರಕ್ಷಣೆಯೇ ಇದು. 1976ರ ಜೀತ ನಿರ್ಮೂಲನ ಕಾಯಿದೆ ಜೀತಗಾರನನ್ನು ಜೈಲಿಗೆ ಹಾಕಲಿಲ್ಲ. ಅವನ ಸಾಲವನ್ನು ರದ್ದು ಮಾಡಿ ಅವನನ್ನು ಬಿಡಿಸಿತು. ಅದೇ ನ್ಯಾಯ ಇಲ್ಲಿಯೂ ಆಗಬೇಕು. ಸಾಲಕ್ಕಾಗಿ ಅಂಗ ಮಾರಿದವನನ್ನು ಸಾಕ್ಷಿಯೆಂದು ಕಾಣಲಿ. ಅವನ ಆ ಸಾಲ ರದ್ದಾಗಲಿ. ಬದುಕಿರುವ ತನಕ ಅವನ ಆರೋಗ್ಯವನ್ನು ಸರ್ಕಾರ ನೋಡಿಕೊಳ್ಳಲಿ.

ಎರಡು: ಅನುಮತಿ ಕೊಡುವ ಸಮಿತಿಗಳು ವರ್ಷಕ್ಕೊಮ್ಮೆ, ಹೆಸರು ಬಿಟ್ಟು, ಲೆಕ್ಕ ಪ್ರಕಟಿಸಲಿ. ಸಂಬಂಧಿಯಲ್ಲದವರು ಎಷ್ಟು ಮಂದಿ ಕೊಟ್ಟರು, ಕೊಟ್ಟವರ ಆದಾಯವೆಷ್ಟು, ಪಡೆದವರ ಆದಾಯವೆಷ್ಟು? ಮಮತೆ ಯಾವ ದಿಕ್ಕಿಗೆ ಹರಿಯುತ್ತಿದೆಯೆಂದು ಊರಿಗೆ ತಿಳಿಯಲಿ.

ಮೂರು: ಜಿಲ್ಲಾ ಆಸ್ಪತ್ರೆಗಳಲ್ಲಿ ಮೆದುಳಿನ ಸಾವನ್ನು ಗುರುತಿಸುವ ವ್ಯವಸ್ಥೆಯಾಗಲಿ; ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಕಸಿಯೂ, ಆಮೇಲೆ ಜೀವಮಾನವಿಡೀ ನುಂಗಬೇಕಾದ ಔಷಧಿಯೂ ಬಡವರಿಗೆ ಪುಕ್ಕಟೆಯಾಗಿ ದೊರೆಯಲಿ.

ನಾಲ್ಕನೆಯದು ಸರ್ಕಾರಕ್ಕಲ್ಲ, ನಮಗೆ. ಕಾರ್ಮಿಕ ಸಂಘದ ಸಭೆಗಳಲ್ಲಿ ಬೋನಸ್ಸಿನ ಚರ್ಚೆ ಮುಗಿದ ಮೇಲೆ ಹತ್ತು ನಿಮಿಷ ಈ ವಿಷಯಕ್ಕೂ ಇಡೋಣ. ಯಾರ ಮನೆಯ ಬಾಗಿಲಲ್ಲಿ ವಸೂಲಿಗಾರ ಕುಳಿತಿದ್ದಾನೆಂದು ಸಂಘಕ್ಕೆ ದಲ್ಲಾಳಿಗಿಂತ ಮೊದಲು ತಿಳಿಯಬೇಕು. ಸಹಕಾರಿ ಸಾಲದ ಸಂಘ ಬಲವಾಗಿರುವ ಬೀದಿಗೆ ದಲ್ಲಾಳಿ ಕಾಲಿಡಲು ಹೆದರುತ್ತಾನೆ. ಸತ್ತ ಮೇಲೆ ಅಂಗ ಕೊಡುತ್ತೇವೆಂದು ನಾವೇ ಮೊದಲು ಬರೆದುಕೊಡೋಣ. ಅಂಗವಿಲ್ಲದೆ ಸುಟ್ಟರೆ ಮುಂದಿನ ಜನ್ಮದಲ್ಲಿ ಅಂಗಹೀನರಾಗುತ್ತೇವೆಂದು ಹೇಳುವವರಿಗೆ, ಈ ಜನ್ಮದಲ್ಲಿ ಅಂಗ ಮಾರಿಕೊಂಡವರ ಗತಿಯನ್ನು ತೋರಿಸೋಣ.

ಒಬ್ಬರ ಅಂಗ ಇನ್ನೊಬ್ಬರಲ್ಲಿ ಬದುಕಬಹುದೆಂದು ವಿಜ್ಞಾನ ತೋರಿಸಿತು. ಮನುಷ್ಯರೆಲ್ಲ ಒಂದೇ ಎಂಬುದಕ್ಕೆ ಇದಕ್ಕಿಂತ ದೊಡ್ಡ ರುಜುವಾತು ಯಾವ ಸಮಾಜವಾದಿಗೂ ಸಿಕ್ಕಿರಲಿಲ್ಲ. ಬ್ರಾಹ್ಮಣನ ಮೂತ್ರಪಿಂಡಕ್ಕೂ ಹೊಲೆಯನ ಮೂತ್ರಪಿಂಡಕ್ಕೂ, ಹಿಂದುವಿನದಕ್ಕೂ ಮುಸಲ್ಮಾನನದಕ್ಕೂ ಭೇದವಿಲ್ಲ. ಅದು ದಾನವಾಗಿ ಹರಿದರೆ ಬಂಧುತ್ವ, ಸಾಲಕ್ಕೆ ಜಪ್ತಿಯಾಗಿ ಹರಿದರೆ ನರಭಕ್ಷಣೆ. ಇವೆರಡರಲ್ಲಿ ಯಾವುದು ನಡೆಯಬೇಕೆಂಬುದು ಆಸ್ಪತ್ರೆಯ ಮೇಜಿನ ಮೇಲೆ ತೀರ್ಮಾನವಾಗುವುದಿಲ್ಲ. ಅದು ತೀರ್ಮಾನವಾಗುವುದು ನಮ್ಮ ಬೀದಿಯಲ್ಲಿ, ವಾರದ ಕಂತು ಕಟ್ಟಬೇಕಾದ ದಿನ.